ದುಡಿಮೆಯಿದ್ದೂ ನೀಗದ ಬಡತನ: ಮುಂಬೈ ಮತ್ತು ಉಪನಗರಗಳ ಒಂದು ಸಮೀಕ್ಷೆ

ಬಡತನಕ್ಕೆ ನಿರುದ್ಯೋಗವೇ ಮೂಲ ಎಂಬ ಗ್ರಹಿಕೆಯನ್ನು ಇಟ್ಟುಕೊಂಡು ನೋಡಹೊರಟವರಿಗೆ ಮುಂಬೈ ಅರ್ಥವಾಗುವುದಿಲ್ಲ. ಅಲ್ಲಿನ ಬಡವರಲ್ಲಿ ಬಹುಪಾಲು ಜನ ದಿನಕ್ಕೆ ಹತ್ತು ಹನ್ನೆರಡು ತಾಸು ದುಡಿಯುವವರು, ಅವರ ಮನೆಗಳಲ್ಲಿ ಮುದುಕರು ಕೂಡ ಒಂದಲ್ಲ ಒಂದು ಕೈಕೆಲಸಕ್ಕೆ ಕುಳಿತಿರುವವರು. ದೇಶದ ಷೇರುಪೇಟೆ, ರಿಸರ್ವ್ ಬ್ಯಾಂಕು, ದೊಡ್ಡ ದೊಡ್ಡ ಕಂಪನಿಗಳ ಪ್ರಧಾನ ಕಚೇರಿಗಳು ಇರುವ ಇದೇ ಊರಿನಲ್ಲಿ 2011ರ ಜನಗಣತಿಯ ಪ್ರಕಾರ 1.24 ಕೋಟಿ ಜನರ ಪೈಕಿ ಸುಮಾರು 52 ಲಕ್ಷ ಮಂದಿ ಕೊಳೆಗೇರಿಗಳಲ್ಲಿ, ಮುಂಬೈಯ ಮಾತಿನಲ್ಲಿ ಹೇಳುವುದಾದರೆ ಝೋಪಡ್‌ಪಟ್ಟಿಗಳಲ್ಲಿ, ವಾಸವಾಗಿದ್ದರು. ದುಡಿಮೆಯಿದ್ದೂ ಬಡತನ ಏಕೆ ನೀಗುವುದಿಲ್ಲ ಎಂಬುದು ಈ ನಗರ ಅಭಿವೃದ್ಧಿಶೀಲ ಜಗತ್ತಿನ ಮುಂದಿಡುವ ಪ್ರಶ್ನೆ. ಅದಕ್ಕೆ ಉತ್ತರವನ್ನು ಕೂಲಿಯ ದರದಲ್ಲಿ ಎಷ್ಟು ಹುಡುಕಬೇಕೋ ನೆಲದ ಬೆಲೆಯಲ್ಲಿಯೂ, ಸರಕಾರಿ ಕಡತದಲ್ಲಿ ಬರೆದಿಟ್ಟ ಒಂದು ದಿನಾಂಕದಲ್ಲಿಯೂ ಅಷ್ಟೇ ಹುಡುಕಬೇಕಾಗುತ್ತದೆ.

ಭಾರತದಲ್ಲಿ ಬಡತನವನ್ನು ಅಂಕಿಗಳಲ್ಲಿ ಅಳೆಯುವ ಕೆಲಸಕ್ಕೆ ಮುಂಬೈಯ ನಂಟು ಹಳೆಯದು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಕಲಿಸಿದ್ದ ದಾದಾಭಾಯಿ ನವರೋಜಿ 1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬೈ ಶಾಖೆಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, 1867–70ರ ಸುಮಾರಿಗೆ ಬ್ರಿಟಿಷ್ ಭಾರತದ ತಲಾ ವಾರ್ಷಿಕ ಆದಾಯ 20 ರೂಪಾಯಿ ಎಂದು ಲೆಕ್ಕ ಹಾಕಿ, ಅದನ್ನು ಹೊರದೇಶಕ್ಕೆ ಹಡಗು ಹತ್ತುವ ಕೂಲಿಗಳಿಗೆ ನಿಗದಿಯಾಗಿದ್ದ ಆಹಾರದ ವೆಚ್ಚದೊಂದಿಗೂ ಜೈಲಿನ ಕೈದಿಗಳ ಖರ್ಚಿನೊಂದಿಗೂ ಹೋಲಿಸಿದರು. ದೇಶದ ಸಾಮಾನ್ಯ ಮನುಷ್ಯನಿಗೆ ಕೈದಿಯ ಊಟ-ಬಟ್ಟೆಯಷ್ಟೂ ದಕ್ಕುತ್ತಿಲ್ಲ ಎಂಬುದು ಆ ಹೋಲಿಕೆಯಿಂದ ಹೊರಟ ಫಲಿತಾಂಶ. ಸುಮಾರು ನೂರು ವರ್ಷದ ನಂತರ, 1971ರಲ್ಲಿ, ಮುಂಬೈಯಿಂದಲೇ ಹೊರಡುವ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಪ್ರಕಟಿಸಿದ ಅಧ್ಯಯನ 1960–61ರ ಬೆಲೆಗಳಲ್ಲಿ ತಿಂಗಳಿಗೆ ಹಳ್ಳಿಯಲ್ಲಿ 15 ರೂಪಾಯಿ, ಪಟ್ಟಣದಲ್ಲಿ 22.50 ರೂಪಾಯಿ ತಲಾ ವೆಚ್ಚವನ್ನು ಕನಿಷ್ಠ ಮಟ್ಟವೆಂದು ಹಿಡಿದು, ಹಳ್ಳಿಗರಲ್ಲಿ ಶೇ. 40ರಷ್ಟು, ಪಟ್ಟಣಿಗರಲ್ಲಿ ಶೇ. 50ರಷ್ಟು ಜನ ಅದಕ್ಕಿಂತ ಕೆಳಗಿದ್ದಾರೆಂದು ಕಂಡುಕೊಂಡಿತು. ಪಟ್ಟಣದ ಬಡವರೆಂದರೆ ಹಳ್ಳಿಯ ಬಡತನ ತುಂಬಿ ಹೊರಚೆಲ್ಲಿದ ಜನ ಎಂಬುದು ಅವರ ನಿಲುವಾಗಿತ್ತು.

ಈ ಬಡತನರೇಖೆಗಳ ಇತಿಹಾಸವನ್ನು ನೆನೆಯಬೇಕಾದದ್ದು ಅವು ಕಾಣಿಸುವುದಕ್ಕಾಗಿ ಮಾತ್ರವಲ್ಲ, ಮರೆಮಾಡುವುದಕ್ಕಾಗಿಯೂ ಹೌದು. ಬಡತನದ ಅಂದಾಜಿಗಾಗಿ ನೇಮಕವಾಗಿದ್ದ ತೆಂಡೂಲ್ಕರ್ ಸಮಿತಿಯ ವಿಧಾನದ ಪ್ರಕಾರ 2011–12ರಲ್ಲಿ ಮಹಾರಾಷ್ಟ್ರದ ನಗರಗಳ ಬಡತನರೇಖೆ ತಲೆಗೆ ತಿಂಗಳಿಗೆ 1,126 ರೂಪಾಯಿ, ಅದರ ಕೆಳಗಿದ್ದವರು ಶೇ. 9.12 ಮಾತ್ರ. ಐವರ ಕುಟುಂಬಕ್ಕೆ ಇದು ತಿಂಗಳಿಗೆ 5,630 ರೂಪಾಯಿ ಆಗುತ್ತದೆ; ಆ ಮೊತ್ತದಲ್ಲಿ ಅಂದಿನ ಮುಂಬೈಯಲ್ಲಿ ಹತ್ತಡಿಗೆ ಹತ್ತಡಿಯ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದ ಮೇಲೆ ಊಟಕ್ಕೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಲು ಅರ್ಥಶಾಸ್ತ್ರ ಬೇಕಾಗುವುದಿಲ್ಲ. ರಾಜ್ಯದ ಎಲ್ಲ ಊರುಗಳಿಗೂ ಒಂದೇ ರೇಖೆ ಎಳೆದಾಗ ಲಾತೂರಿನ ಬಾಡಿಗೆಯೂ ಮುಂಬೈಯ ಲಾಲ್‌ಬಾಗಿನ ಬಾಡಿಗೆಯೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತವೆ. ಶಾಲೆ, ಪೌಷ್ಟಿಕತೆ, ಶೌಚಾಲಯ, ವಿದ್ಯುತ್ತು ಮುಂತಾದ ಹಲವು ಕೊರತೆಗಳನ್ನು ಒಟ್ಟಿಗೆ ಎಣಿಸುವ ಬಹುಆಯಾಮದ ಬಡತನ ಸೂಚ್ಯಂಕ ಇದಕ್ಕಿಂತ ಮೇಲು, ನಿಜ. ಆದರೆ ನಲ್ಲಿ ಇದೆಯೇ ಎಂದು ಕೇಳುವ ಪ್ರಶ್ನಾವಳಿ ಆ ನಲ್ಲಿಯಲ್ಲಿ ನೀರು ಬರುವುದು ರಾತ್ರಿಯ ಯಾವ ಹೊತ್ತಿಗೆ, ಅದಕ್ಕಾಗಿ ಯಾರು ನಿದ್ದೆಗೆಡುತ್ತಾರೆ ಎಂದು ಕೇಳುವುದಿಲ್ಲ.

ಹಳ್ಳಿಯ ಬಡತನದ ಹೊರಚೆಲ್ಲುವಿಕೆ ಎಂಬ ದಾಂಡೇಕರ್–ರಥ್ ಅವರ ಮಾತನ್ನು ಪರೀಕ್ಷಿಸಿ ನೋಡಲು ಕರ್ನಾಟಕದಿಂದ ಮುಂಬೈಗೆ ಹೋದ ಎರಡು ಭಿನ್ನ ಪ್ರವಾಹಗಳು ಒಳ್ಳೆಯ ಅವಕಾಶ ಒದಗಿಸುತ್ತವೆ. ಮೊದಲನೆಯದು ಕರಾವಳಿಯದು. 1974ರ ಭೂಸುಧಾರಣೆಗೆ ಮುಂಚಿನ ದಶಕಗಳಲ್ಲಿ ದಕ್ಷಿಣ ಕನ್ನಡದ ಗೇಣಿದಾರ ಕುಟುಂಬಗಳು, ಬೆಳೆಯ ದೊಡ್ಡ ಪಾಲು ಧಣಿಯ ಅಂಗಳಕ್ಕೆ ಹೋಗುತ್ತಿದ್ದುದರಿಂದ ಉಳಿದ ಅಕ್ಕಿ ವರ್ಷಪೂರ್ತಿ ಸಾಲದೆ, ಪ್ರಾಥಮಿಕ ಶಾಲೆ ಮುಗಿಸಿದ ಹುಡುಗರನ್ನು ಮುಂಬೈಯ ಹೋಟೆಲುಗಳಿಗೆ ಕಳುಹಿಸುತ್ತಿದ್ದವು. ಎರಡನೆಯದು ಬಯಲುಸೀಮೆಯ ಗುಳೆ, ಎಂದರೆ ಸುಗ್ಗಿ ಮುಗಿದ ಮೇಲೆ ಇಡೀ ಸಂಸಾರವೇ ಗಂಟುಮೂಟೆ ಕಟ್ಟಿಕೊಂಡು ಕೆಲಸ ಹುಡುಕಿ ಹೊರಡುವ ವಾರ್ಷಿಕ ವಲಸೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಹೊರಟ ದಲಿತ, ಲಂಬಾಣಿ ಹಾಗೂ ಸಣ್ಣ ಹಿಡುವಳಿಯ ಕುಟುಂಬಗಳು ಮುಕಾದಮನಿಂದ, ಎಂದರೆ ಕೂಲಿಯಾಳುಗಳನ್ನು ಒದಗಿಸುವ ಮೇಸ್ತ್ರಿಯಿಂದ, ಪಡೆದ ಮುಂಗಡದ ಋಣ ಹೊತ್ತೇ ಕಟ್ಟಡ ಕೆಲಸದ ಜಾಗಗಳನ್ನು ಸೇರುತ್ತವೆ. 2002ರಲ್ಲಿ ವರದಿ ಕೊಟ್ಟ ಡಿ. ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಕಲಬುರಗಿ ವಿಭಾಗಕ್ಕೇ ಸೇರಿದ್ದವು ಎಂಬುದು ಈ ಗುಳೆಯ ಮೂಲವನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಎರಡೂ ಪ್ರವಾಹಗಳನ್ನು ಹೊರದೂಡಿದ್ದು ಬಡತನವೇ. ಆದರೆ ನಗರ ಅವುಗಳನ್ನು ಬರಮಾಡಿಕೊಂಡ ಬಗೆ ಬೇರೆ, ಫಲವೂ ಬೇರೆ. ಹೋಟೆಲಿನ ಹುಡುಗ ಲೋಟ ತೊಳೆದು, ಟೇಬಲ್ ಒರೆಸಿ ಗಳಿಸುತ್ತಿದ್ದ ಸಂಬಳ ತೀರಾ ಕಡಮೆಯದು, ದುಡಿಸಿಕೊಳ್ಳುವ ಅವಧಿಗೆ ಮಿತಿಯಿರಲಿಲ್ಲ, ಇಂದಿನ ಕಾನೂನಿನ ಕಣ್ಣಿಗೆ ಅದು ಶುದ್ಧ ಬಾಲದುಡಿಮೆ. ಆದರೂ ಅವನಿಗೆ ಊಟ ಹೋಟೆಲಿನದು, ಮಲಗುವುದು ಬೆಂಚುಗಳನ್ನು ಸೇರಿಸಿಯೋ ಮಾಳಿಗೆಯಲ್ಲೋ. ಮುಂಬೈಯಲ್ಲಿ ಬಡವನ ಗಳಿಕೆಯನ್ನು ನುಂಗುವ ಎರಡು ದೊಡ್ಡ ಬಾಬತ್ತುಗಳು, ಜಾಗದ ಬಾಡಿಗೆ ಮತ್ತು ಊಟ, ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಸಂಬಳ ಚಿಕ್ಕದಾದರೂ ಹೆಚ್ಚುಕಡಮೆ ಇಡಿಯಾಗಿ ಉಳಿದು ಮನಿಆರ್ಡರಾಗಿ ಊರಿಗೆ ಹೋಗುತ್ತಿತ್ತು. ಅದಕ್ಕೆ ಸಮುದಾಯದ ಸಂಸ್ಥೆಗಳ ಆಸರೆಯೂ ಸೇರಿತು: 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಉಚಿತ ರಾತ್ರಿಶಾಲೆ ತೆರೆಯಿತು, ಆ ದಾರಿಯಲ್ಲಿ ಇನ್ನೂ ಹಲವು ಕನ್ನಡ ರಾತ್ರಿಶಾಲೆಗಳು ಬಂದವು; ಹಗಲು ದುಡಿದು ಸಂಜೆ ಪುಸ್ತಕ ಹಿಡಿದ ಹುಡುಗರು ಗುಮಾಸ್ತರೂ ವಕೀಲರೂ ಹೋಟೆಲು ಮಾಲೀಕರೂ ಆದರು; 1978ರಲ್ಲಿ ಬಿಲ್ಲವ ಸಮಾಜದವರು ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿದರು. ಗುಳೆ ಬಂದ ಸಂಸಾರಕ್ಕೆ ಇಂತಹ ಯಾವುದೂ ಇಲ್ಲ. ಅದು ಬೆಳಿಗ್ಗೆ ನಾಕಾದಲ್ಲಿ, ಕೂಲಿಯವರನ್ನು ಆರಿಸಿಕೊಂಡು ಹೋಗುವ ರಸ್ತೆಯ ಕೂಡುಜಾಗದಲ್ಲಿ, ನಿಲ್ಲುತ್ತದೆ. ಕೆಲಸ ಸಿಕ್ಕಿದ ದಿನದ ಕೂಲಿ ಹೋಟೆಲ್ ಹುಡುಗನ ಸಂಬಳಕ್ಕಿಂತ ಮೇಲಾಗಿರಬಹುದು, ಆದರೆ ತಾಡಪತ್ರಿಯ ಗುಡಿಸಲಿಗೂ, ಕೊಡ ನೀರಿಗೂ, ಶೌಚಕ್ಕೂ ಹಣ ಕೊಟ್ಟು, ಕೆಲಸ ಸಿಗದ ದಿನಗಳನ್ನು ಸಾಲದಲ್ಲಿ ದೂಡಿದ ಮೇಲೆ ಕೈಯಲ್ಲಿ ಉಳಿಯುವುದು ಮುಂಗಡ ತೀರಿಸಲಿಕ್ಕೆ ಮಾತ್ರ. ಮಗು ಓದುವ ಶಾಲೆ ಊರಿನಲ್ಲಿದೆ, ತಾಯಿ ಇಟ್ಟಿಗೆ ಹೊರುವ ಜಾಗ ಇಲ್ಲಿದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾನೂನು ಬಂದು, ಕಟ್ಟಡದ ವೆಚ್ಚದ ಮೇಲೆ ಸೆಸ್ಸು ವಸೂಲಾಗಿ ಕಲ್ಯಾಣ ನಿಧಿಯೇನೋ ಆಯಿತು. ಆದರೆ ಅದರ ಫಲಾನುಭವಿಯಾಗಲು ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು, ದಿನಕ್ಕೊಬ್ಬ ಠೇಕೇದಾರನ ಕೈಕೆಳಗೆ ದುಡಿಯುವ ನಾಕಾ ಕೂಲಿಗೆ ಆ ಕಾಗದ ಬರೆದುಕೊಡುವವರು ಯಾರು ಎಂಬುದನ್ನು ನಿಯಮ ಮಾಡಿದವರು ಮೊದಲೇ ಯೋಚಿಸಿದಂತೆ ಕಾಣುವುದಿಲ್ಲ.

ಹಳ್ಳಿ ಬಿಟ್ಟು ಬಂದವರನ್ನು ನಗರದ ಕಾರ್ಖಾನೆಗಳು ಒಳಗೆಳೆದುಕೊಳ್ಳುತ್ತವೆ, ಕ್ರಮೇಣ ಕೂಲಿ ಏರಿ ಬಡತನ ಕರಗುತ್ತದೆ ಎಂಬುದು 1954ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಮುಂದಿಟ್ಟ ಪ್ರಸಿದ್ಧ ಮಾದರಿ. ಮುಂಬೈಯಲ್ಲಿ ಒಂದು ಕಾಲಕ್ಕೆ ಇದು ಅರ್ಧದಷ್ಟು ನಿಜವೂ ಆಗಿತ್ತು. 1854ರಲ್ಲಿ ಕಾವಸ್‌ಜಿ ದಾವರ್ ಸ್ಥಾಪಿಸಿದ ಮೊದಲ ಹತ್ತಿಗಿರಣಿಯಿಂದ ಆರಂಭವಾಗಿ, ಪರೇಲ್, ಲಾಲ್‌ಬಾಗ್, ವರ್ಲಿಗಳ ಸುತ್ತ ಹಬ್ಬಿದ ಗಿರಣಗಾವ್, ಅಂದರೆ ಗಿರಣಿಗಳ ಊರು, ರತ್ನಾಗಿರಿ ಮತ್ತು ಸಾತಾರಾದ ರೈತ ಮಕ್ಕಳನ್ನು ಕಾಯಂ ಕಾರ್ಮಿಕರನ್ನಾಗಿ ಮಾಡಿತು. ಕಾಯಮಿನವನು ರಜೆ ಹಾಕಿದ ದಿನ ಮಾತ್ರ ಕೆಲಸ ಸಿಗುವ ಬದಲಿ ಕಾರ್ಮಿಕರ ದೊಡ್ಡ ಪಡೆ ಆಗಲೂ ಗೇಟಿನ ಹೊರಗೆ ಕಾಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಆರಂಭಿಸಿದ ಮುಷ್ಕರ ವರ್ಷ ದಾಟಿದರೂ ಇತ್ಯರ್ಥವಾಗದೆ, ಅಧಿಕೃತವಾಗಿ ಮುಗಿಯಿತೆಂದು ಯಾರೂ ಹೇಳದೆಯೇ ಕರಗಿಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಬಟ್ಟೆ ನೇಯುವ ಕೆಲಸ ನಿಲ್ಲಲಿಲ್ಲ, ಭಿವಂಡಿಯ ಪವರ್‌ಲೂಮ್ ಶೆಡ್ಡುಗಳಿಗೆ ಸರಿಯಿತು. ಭವಿಷ್ಯನಿಧಿ, ರಜೆ, ಇಎಸ್‌ಐ ಆಸ್ಪತ್ರೆ ಮಾತ್ರ ಅದರ ಹಿಂದೆ ಹೋಗಲಿಲ್ಲ.

ಗಿರಣಿಗಳ ಸುತ್ತ ಬೆಳೆದಿದ್ದ ಸಣ್ಣ ಬದುಕುಗಳ ಮೇಲೆ ಆ ಮುಷ್ಕರದ ಹೊಡೆತ ಹೇಗೆ ಬಿತ್ತು ಎಂಬುದನ್ನು ಖಾನಾವಳಿಗಳಲ್ಲಿ ನೋಡಬಹುದು. ಊರಲ್ಲಿ ಹೆಂಡತಿ-ಮಕ್ಕಳನ್ನು ಬಿಟ್ಟು ಒಂದೇ ಖೋಲಿಯಲ್ಲಿ ಹತ್ತಾರು ಜನ ಪಾಳಿ ಮೇಲೆ ಮಲಗುತ್ತಿದ್ದ ಕಾರ್ಮಿಕರಿಗೆ ಚಾಳಿನ, ಎಂದರೆ ಸಾಲುಕೋಣೆಗಳ ವಠಾರದ, ಹೆಂಗಸರು ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದರು. ಪಗಾರದ ದಿನ ಬರುವ ದುಡ್ಡನ್ನು ನಂಬಿ ಕಿರಾಣಿ ಅಂಗಡಿಯಿಂದ ಜೋಳ, ಎಣ್ಣೆಗಳನ್ನು ಉದ್ರಿ ತಂದು, ಅದಕ್ಕೆ ಬಡ್ಡಿ ಕಟ್ಟುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಈ ಹೆಂಗಸರಿಗೆ ಬ್ಯಾಂಕಿನ ಸಾಲ ಕೊಡಿಸಿ, ಸಾಹುಕಾರನ ಹಿಡಿತ ಸಡಿಲಿಸಿದ್ದು ನಗರದ ಬಡತನದ ಇತಿಹಾಸದಲ್ಲಿ ನೆನಪಿಡಬೇಕಾದ ಕೆಲಸ. ಗಿರಣಿಯ ಪಗಾರ ನಿಂತಾಗ ಊಟದ ಲೆಕ್ಕವೂ ನಿಂತಿತು. ಒಬ್ಬನ ಸಂಬಳ ಎಷ್ಟು ಜನರ ಗಳಿಕೆಯಾಗಿತ್ತೆಂಬುದು ಯಾವ ಸರಕಾರಿ ನಷ್ಟಪಟ್ಟಿಯಲ್ಲೂ ಸೇರಲಿಲ್ಲ.

ಒಪ್ಪಂದ, ರಜೆ, ಪಿಂಚಣಿ ಯಾವುದೂ ಇಲ್ಲದ ದುಡಿಮೆಯನ್ನು ಅನೌಪಚಾರಿಕ ವಲಯವೆಂದು ಕರೆಯುವ ರೂಢಿ ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞ ಘಾನಾದ ಆಕ್ರಾ ನಗರದ ಮೇಲೆ 1970ರ ದಶಕದ ಆರಂಭದಲ್ಲಿ ಬರೆದ ಲೇಖನದಿಂದ ಬಂದದ್ದು. ಅದು ಹಿಂದುಳಿದಿರುವಿಕೆಯ ಉಳಿಕೆಯೆಂದೂ, ಆಧುನಿಕ ಉದ್ದಿಮೆ ಬೆಳೆದಂತೆ ಮರೆಯಾಗುವುದೆಂದೂ ಹಲವರು ಭಾವಿಸಿದ್ದರು. ಮುಂಬೈಯಲ್ಲಿ ಆದದ್ದು ತಿರುವುಮುರುವು, ಸಂಘಟಿತ ಕೆಲಸವೇ ಒಡೆದು ಅಸಂಘಟಿತವಾಯಿತು. ಇದು ಅನಿವಾರ್ಯವೇ ಎಂಬ ಪ್ರಶ್ನೆಗೆ ಮಹಾರಾಷ್ಟ್ರದಲ್ಲೇ ಒಂದು ಉತ್ತರ ಇದೆ. ಮುಂಬೈಯ ಮಸ್ಜಿದ್ ಬಂದರಿನ ಸಗಟು ಪೇಟೆಗಳಲ್ಲಿ ತಲೆಯ ಮೇಲೆ ಮೂಟೆ ಹೊರುವ ಮಾಥಾಡಿ ಹಮಾಲರು ಅಣ್ಣಾಸಾಹೇಬ್ ಪಾಟೀಲರ ಮುಂದಾಳ್ತನದಲ್ಲಿ ಹೋರಾಡಿ 1969ರಲ್ಲಿ ಕಾನೂನೊಂದನ್ನು ಪಡೆದರು. ಹಲವು ವ್ಯಾಪಾರಿಗಳ ಬಳಿ ಬಿಡಿಬಿಡಿಯಾಗಿ ದುಡಿದ ಕೂಲಿಯನ್ನು ಸರಕಾರ, ವ್ಯಾಪಾರಿ, ಕಾರ್ಮಿಕ ಮೂವರೂ ಇರುವ ಮಂಡಳಿಯೊಂದು ವಸೂಲು ಮಾಡಿ, ಭವಿಷ್ಯನಿಧಿ, ಬೋನಸ್ಸುಗಳ ಏರ್ಪಾಡಿನೊಂದಿಗೆ ಹಂಚುವ ವ್ಯವಸ್ಥೆ ಅದು. ಮಾಲೀಕ ಒಬ್ಬನೇ ಇಲ್ಲದ ಕೆಲಸಕ್ಕೂ ಭದ್ರತೆ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾಕಾ ಕೂಲಿಗಳಿಗೆ ಅದನ್ನು ವಿಸ್ತರಿಸದಿರುವುದು ಅಸಾಧ್ಯತೆಯಿಂದಲ್ಲ.

ಕೂಲಿಯ ಕಥೆ ಇಷ್ಟಾದರೆ, ಮುಂಬೈಗೆ ವಿಶಿಷ್ಟವಾದ ಕಾರಣ ಅದರ ನೆಲ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಎಚ್ಚೆತ್ತ ಸರಕಾರ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿ ಕಿಕ್ಕಿರಿದ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆ ಮಾಡಿತು, ಕೆಡವಿದಷ್ಟು ಮನೆಗಳನ್ನು ಬಡವರಿಗಾಗಿ ಕಟ್ಟಿಕೊಡಲು ಅದಕ್ಕೆ ಆಗಲಿಲ್ಲ. ನಂತರದ ನೂರು ವರ್ಷಗಳ ನಗರನೀತಿಯ ಬೀಜರೂಪ ಇಲ್ಲೇ ಇದೆ. 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಡಿಲೈಲ್ ರೋಡುಗಳಲ್ಲಿ ಎದ್ದ, ಸರಕಾರದ ಅಭಿವೃದ್ಧಿ ಇಲಾಖೆಯ ಬಿಡಿಡಿ ಚಾಳುಗಳು ಒಂದೊಂದು ಕುಟುಂಬಕ್ಕೆ 160 ಚದರಡಿಯ ಕೋಣೆ ಕೊಟ್ಟವು. 1947ರ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದು ಅಂದಿನ ಬಾಡಿಗೆದಾರರಿಗೆ ದೊಡ್ಡ ಆಸರೆಯಾಯಿತು, ಆದರೆ ಅದೇ ಕಾರಣಕ್ಕೆ ಬಾಡಿಗೆಗೆಂದು ಹೊಸ ಮನೆ ಕಟ್ಟುವುದನ್ನು ಬಂಡವಾಳಗಾರರು ಬಿಟ್ಟರು, ಇದ್ದ ಮನೆಗಳ ರಿಪೇರಿ ನಿಂತಿತು, ಮೇಜಿನ ಕೆಳಗಿನ ಪಗಡಿ, ಎಂದರೆ ಬಾಡಿಗೆಯ ಹಕ್ಕಿಗಾಗಿ ಕೊಡುವ ದೊಡ್ಡ ಇಡಿಗಂಟು, ರೂಢಿಯಾಯಿತು. ಇಡಿಗಂಟಿಲ್ಲದೆ ಬಂದವನಿಗೆ ಚಾಳಿನ ಬಾಗಿಲು ಮುಚ್ಚಿ ಖಾಡಿಯ, ಎಂದರೆ ಕಡಲ ಹಿನ್ನೀರಿನ, ಕೆಸರು, ರೈಲ್ವೆ ಹಳಿಯ ಅಂಚು ಮಾತ್ರ ಉಳಿದವು. ಹೆಚ್ಚುವರಿ ಖಾಲಿ ನೆಲವನ್ನು ವಶಪಡಿಸಿಕೊಳ್ಳಬೇಕಿದ್ದ 1976ರ ನಗರ ಭೂಮಿತಿ ಕಾನೂನಿನಿಂದ ಸರಕಾರದ ಕೈಗೆ ಬಂದ ಜಮೀನು ಅತ್ಯಲ್ಪ; 2007ರಲ್ಲಿ ಮಹಾರಾಷ್ಟ್ರ ಅದನ್ನು ರದ್ದುಮಾಡಿತು. ಎಫ್‌ಎಸ್‌ಐ, ಎಂದರೆ ನಿವೇಶನದ ವಿಸ್ತೀರ್ಣಕ್ಕೂ ಅದರ ಮೇಲೆ ಎಲ್ಲ ಅಂತಸ್ತುಗಳನ್ನು ಕೂಡಿಸಿ ಕಟ್ಟಬಹುದಾದ ವಿಸ್ತೀರ್ಣಕ್ಕೂ ಇರುವ ಅನುಪಾತ, 1991ರ ನಿಯಮದಂತೆ ದ್ವೀಪನಗರದಲ್ಲಿ, ಎಂದರೆ ದಕ್ಷಿಣದ ಹಳೆಯ ಮುಂಬೈಯಲ್ಲಿ, 1.33, ಉಪನಗರಗಳಲ್ಲಿ 1 ಇತ್ತು. ಮೂರು ಕಡೆ ನೀರಿರುವ ನಗರದಲ್ಲಿ ಕಟ್ಟುವ ಹಕ್ಕೇ ಇಷ್ಟು ದುಬಾರಿಯಾದಾಗ ಆ ಹಕ್ಕನ್ನು ಹೆಚ್ಚಿಸಿಕೊಡುವ ಅಧಿಕಾರ ರಾಜಕಾರಣದ ಮುಖ್ಯ ಸರಕಾಯಿತು.

ಗಿರಣಿ ನೆಲದ ಹಂಚಿಕೆಯಲ್ಲಿ ಈ ರಾಜಕಾರಣ ಬಯಲಾದಷ್ಟು ಬೇರೆಲ್ಲೂ ಆಗಿಲ್ಲ. 1991ರ ನಿಯಮಾವಳಿಯ 58ನೆಯ ನಿಯಮ ಮುಚ್ಚಿದ ಗಿರಣಿಗಳ ಜಮೀನಿನಲ್ಲಿ ಮೂರನೆಯ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕನಿಗೆ ಎಂದಿತ್ತು. 2001ರ ತಿದ್ದುಪಡಿ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿದ್ದರಿಂದ ಮೊದಲೆರಡು ಪಾಲುಗಳು ಹೆಸರಿಗಷ್ಟೇ ಉಳಿದವು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2001 ಮತ್ತು 2011ರ ಜನಗಣತಿಗಳ ನಡುವೆ ಮುಂಬೈ ನಗರ ಜಿಲ್ಲೆಯ ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿದು ಉಪನಗರಗಳದು ಏರಿದ್ದರ ಹಿಂದೆ ಗಿರಣಗಾವ್ ತೆರವಾದದ್ದಕ್ಕೂ ಒಂದು ಪಾಲಿದೆ. ಚಾಳು ಬಿಟ್ಟವರು ದೂರದ ನಾಲಾಸೊಪಾರಾ, ದಿವಾ, ಅಂಬರನಾಥಗಳಿಗೆ ಹೋದರು. ಬಾಡಿಗೆಯಲ್ಲಿ ಉಳಿಸಿದ್ದನ್ನು ಲೋಕಲ್ ರೈಲಿನಲ್ಲಿ ತಾಸುಗಳಾಗಿ ತೆತ್ತರು. ಆ ರೈಲುಗಳ ಹಳಿಯ ಮೇಲೆ, ಬಾಗಿಲಿಂದ ಬಿದ್ದೋ ಹಳಿ ದಾಟುವಾಗಲೋ, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಇದನ್ನು ರೈಲ್ವೆ ಅಪಘಾತವೆಂದು ಎಣಿಸುವುದು ವಾಡಿಕೆ, ವಸತಿನೀತಿಯ ಪರಿಣಾಮವೆಂದು ಎಣಿಸುವವರು ವಿರಳ.

ನೆಲದ ಕೊರತೆಯನ್ನು ಬಡತನವಾಗಿ ಮಾರ್ಪಡಿಸುವ ಯಂತ್ರವೇ ಕಟ್‌ಆಫ್ ದಿನಾಂಕ: ಆ ದಿನಕ್ಕೆ ಮುಂಚೆ ಗುಡಿಸಲು ಹಾಕಿದವರು ಅರ್ಹರು, ನಂತರ ಬಂದವರು ಅತಿಕ್ರಮಣಕಾರರು ಎಂಬ ವಿಭಜನೆ. 1976ರ ಝೋಪಡಿ ಗಣತಿಯಲ್ಲಿ ಎಣಿಸಲ್ಪಟ್ಟವರಿಗೆ ಫೋಟೊಪಾಸ್ ಎಂಬ ಗುರುತುಪತ್ರ ಕೊಡುವುದರೊಂದಿಗೆ ಆರಂಭವಾದ ಈ ಪದ್ಧತಿಯಲ್ಲಿ ದಿನಾಂಕ ಚುನಾವಣೆಗಳ ಬೆನ್ನಲ್ಲಿ ಸರಿಯುತ್ತ 1995ರ ಜನವರಿ 1ಕ್ಕೆ, ಅಲ್ಲಿಂದ 2000ದ ಜನವರಿ 1ಕ್ಕೆ, ಹಣ ಕಟ್ಟುವವರ ಮಟ್ಟಿಗೆ 2011ಕ್ಕೆ ಬಂದಿದೆ. 1981ರ ಮಳೆಗಾಲದಲ್ಲಿ ಫುಟ್‌ಪಾತ್ ವಾಸಿಗಳನ್ನು ಹೊರಹಾಕಲು ಸರಕಾರ ಮುಂದಾದಾಗ ಹುಟ್ಟಿದ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ, ಜೀವನೋಪಾಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ಸಾರಿತು. ಅದೇ ತೀರ್ಪು ನೋಟಿಸು ಕೊಟ್ಟು ತೆರವು ಮಾಡುವುದಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ತತ್ತ್ವವನ್ನು ಗ್ರಂಥಗಳು ನೆನಪಿಟ್ಟುಕೊಂಡಿವೆ, ಬುಲ್ಡೋಜರು ನೆನಪಿಟ್ಟುಕೊಂಡದ್ದು ಎರಡನೆಯ ಭಾಗವನ್ನು. 1996ರ ಸರಕಾರಿ ಸುತ್ತೋಲೆಯೊಂದು 1995ರ ನಂತರದ ಝೋಪಡಿಗಳಿಗೆ ಪಾಲಿಕೆಯ ನೀರನ್ನೂ ನಿಷೇಧಿಸಿತು. ಪಾನೀ ಹಕ್ ಸಮಿತಿಯ ಅರ್ಜಿಯ ಮೇಲೆ ಮುಂಬೈ ಹೈಕೋರ್ಟು 2014ರ ಡಿಸೆಂಬರಿನಲ್ಲಿ, ಮನೆ ಅಕ್ರಮವಾದ ಮಾತ್ರಕ್ಕೆ ನೀರು ನಿರಾಕರಿಸುವಂತಿಲ್ಲ ಎಂದು ಹೇಳಬೇಕಾಗಿ ಬಂತು.

ಪಾಲಿಕೆಯ ನೀರಿನ ದರ ಸಾವಿರ ಲೀಟರಿಗೆ ಕೆಲವೇ ರೂಪಾಯಿ. ನಳ ಇಲ್ಲದವನು ಅದೇ ನೀರನ್ನು ಹಂಡಾ ಲೆಕ್ಕದಲ್ಲಿ, ಕ್ಯಾನಿನ ಲೆಕ್ಕದಲ್ಲಿ, ಬೇರೆಯವರ ಮೋಟರಿನ ಪೈಪಿನಿಂದ ಕೊಂಡು ಹಲವು ಪಟ್ಟು ಹೆಚ್ಚು ತೆರುತ್ತಾನೆ. ಅರ್ಹರಾದ ಕೊಳೆಗೇರಿವಾಸಿಗಳಿಗೂ ಪಾಲಿಕೆಯ ಮಾನದಂಡ ದಿನಕ್ಕೆ ತಲೆಗೆ 45 ಲೀಟರ್, ಕಟ್ಟಡವಾಸಿಗಳಿಗೆ 135. ಬಡವರಾಗಿರುವುದು ದುಬಾರಿ ಎಂಬ ಈ ವಿಪರೀತವೇ ಮುಂಬೈಯ ಬಡತನದ ತಿರುಳು: ಕಡಮೆ ನೀರಿಗೆ ಹೆಚ್ಚು ಬೆಲೆ, ಪ್ರತಿ ಸಲದ ಶೌಚಕ್ಕೂ ಚಿಲ್ಲರೆ, ದಾಖಲೆಯಿಲ್ಲದ್ದಕ್ಕೆ ಖಾಸಗಿ ಬಡ್ಡಿ, ಕೈಗಾಡಿ ನಿಲ್ಲಿಸಿದ್ದಕ್ಕೆ ಹಫ್ತಾ. ಇವೆಲ್ಲ ಬಡತನದ ಪರಿಣಾಮಗಳೂ ಹೌದು, ಮರುತಿಂಗಳಿನ ಬಡತನಕ್ಕೆ ಕಾರಣಗಳೂ ಹೌದು. ಕಾರಣ-ಪರಿಣಾಮಗಳನ್ನು ಎರಡು ಅಧ್ಯಾಯಗಳಾಗಿ ಬೇರ್ಪಡಿಸುವ ಪಠ್ಯಪುಸ್ತಕದ ಕ್ರಮ ಇಲ್ಲಿ ನಿಲ್ಲುವುದಿಲ್ಲ.

ದೇಹದ ಮೇಲೆ ಇದರ ಗುರುತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಗೋವಂಡಿ, ಮಾನ್‌ಖುರ್ದ್, ದೇವನಾರ್‌ಗಳನ್ನೊಳಗೊಂಡ ಎಂ-ಪೂರ್ವ ವಾರ್ಡಿನಲ್ಲಿ. 1927ರಿಂದ ನಗರದ ಕಸ ಸುರಿಯುವ ದೇವನಾರ್ ಗುಡ್ಡ ಇಲ್ಲಿದೆ. ತೆರವುಗೊಂಡವರನ್ನು ದಶಕಗಳಿಂದ ತಂದು ಇಳಿಸಿದ್ದೂ ಇಲ್ಲೇ. 2009ರ ಮುಂಬೈ ಮಾನವ ಅಭಿವೃದ್ಧಿ ವರದಿ ಈ ವಾರ್ಡಿಗೆ 0.05 ಸೂಚ್ಯಂಕ ಕೊಟ್ಟು ನಗರದಲ್ಲೇ ಕೊನೆಯ ಸ್ಥಾನದಲ್ಲಿರಿಸಿತು. ಸಾಯುವವರ ಸರಾಸರಿ ವಯಸ್ಸು ಅಲ್ಲಿ ಸುಮಾರು 39 ಎಂದೂ ಲೆಕ್ಕ ಹಾಕಿತು. ಶಿಶುಮರಣ ಹೆಚ್ಚಿರುವ, ಎಳೆಯರೇ ತುಂಬಿರುವ ಜಾಗದಲ್ಲಿ ಈ ಅಂಕಿ ಸಹಜವಾಗಿ ತಗ್ಗುವುದರಿಂದ ಅದನ್ನು ಜೀವಿತಾವಧಿಯೆಂದು ಓದಬಾರದು. ಹಾಗೆ ಎಚ್ಚರವಹಿಸಿ ಓದಿದರೂ ಅದು ಭಯಂಕರವೇ. ಗುಡಿಸಲು ಹೋಗಿ ಪಕ್ಕಾ ಕಟ್ಟಡ ಬಂದರೆ ರೋಗ ತಗ್ಗುತ್ತದೆ ಎಂಬ ನಂಬಿಕೆಗೂ ಇಲ್ಲೇ ಪೆಟ್ಟು ಬಿತ್ತು: ರೈಲು ಮತ್ತು ರಸ್ತೆ ಯೋಜನೆಗಳ ಸಂತ್ರಸ್ತರಿಗಾಗಿ ಕಟ್ಟಿದ ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ಕಟ್ಟಡಗಳ ನಡುವೆ ಸುಮಾರು ಮೂರು ಮೀಟರು ಬಿಟ್ಟದ್ದರಿಂದ ಕೆಳಗಿನ ಅಂತಸ್ತುಗಳಿಗೆ ಬಿಸಿಲು-ಗಾಳಿ ಸುಳಿಯದೆ ಕ್ಷಯ ಹಬ್ಬಿತೆಂದು ಡಾಕ್ಟರ್ಸ್ ಫಾರ್ ಯು ಸಂಸ್ಥೆಯ 2018ರ ಅಧ್ಯಯನ ತೋರಿಸಿತು. ಕ್ಷಯದ ರೋಗಿ ತಿಂಗಳುಗಟ್ಟಲೆ ಕೂಲಿಗೆ ಹೋಗಲಾರ. ಸಾಲ ಅಲ್ಲಿಂದ ಶುರುವಾಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕೊಳೆಗೇರಿಗಳಲ್ಲಿ ಶೇ. 57ರಷ್ಟು ಜನರಿಗೂ ಅದೇ ವಾರ್ಡುಗಳ ಕಟ್ಟಡಗಳಲ್ಲಿ ಶೇ. 16ರಷ್ಟು ಜನರಿಗೂ ಸೋಂಕು ತಗಲಿಹೋಗಿತ್ತು. ಒಂದೇ ಶೌಚಾಲಯವನ್ನು ಹತ್ತಾರು ಮನೆಗಳು ಹಂಚಿಕೊಳ್ಳುವಲ್ಲಿ ದೈಹಿಕ ಅಂತರದ ಉಪದೇಶಕ್ಕೆ ಜಾಗವೇ ಇರಲಿಲ್ಲ.

ಬಡವರು ಬಡವರಾಗಿ ಉಳಿಯುವುದು ಅವರ ನಡವಳಿಕೆಯಿಂದ ಎಂಬ ವಾದ ಆಸ್ಕರ್ ಲೂಯಿಸ್ ಮೆಕ್ಸಿಕೊದ ಕುಟುಂಬಗಳನ್ನು ನೋಡಿ ಬರೆದ ಬಡತನದ ಸಂಸ್ಕೃತಿ ಎಂಬ ಕಲ್ಪನೆಯಿಂದ ಬಲ ಪಡೆದದ್ದು. ಮುಂಬೈಯ ಮಧ್ಯಮವರ್ಗದ ಮಾತುಕತೆಯಲ್ಲಿ ಅದು ಇಂದಿಗೂ ಜೀವಂತ. ಅದಕ್ಕೆ ಎದುರಾಗಿ ನಿಲ್ಲುವ ಹೆಸರು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, ಯೌವನದಲ್ಲಿ ಮುಂಬೈ ಸೇರಿ, ಮಾನ್‌ಖುರ್ದಿನ ಜನತಾ ಕಾಲನಿಯಲ್ಲಿ ನೆಲೆಸಿದ ಜಾಕಿನ್ ಅರ್ಪುದಂ ಅವರದು. ಪಾಲಿಕೆ ಕಸ ಎತ್ತದಿದ್ದಾಗ ಕಾಲನಿಯ ಮಕ್ಕಳ ಕೈಲಿ ಒಂದೊಂದು ಪೊಟ್ಟಣ ಕಸ ಕೊಟ್ಟು ಪಾಲಿಕೆಯ ಕಚೇರಿಯ ಮುಂದೆಯೇ ಸುರಿಸಿದ್ದು ಅವರ ಮೊದಲ ಚಳವಳಿ. 1976ರಲ್ಲಿ ಪರಮಾಣು ಸಂಶೋಧನಾ ಕೇಂದ್ರಕ್ಕಾಗಿ ಆ ಕಾಲನಿಯನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ಅರ್ಪುದಂ ಕಟ್ಟಿದ ರಾಷ್ಟ್ರೀಯ ಕೊಳೆಗೇರಿವಾಸಿಗಳ ಒಕ್ಕೂಟ, 1984ರಲ್ಲಿ ಹುಟ್ಟಿದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಫುಟ್‌ಪಾತ್ ಹೆಂಗಸರ ಮಹಿಳಾ ಮಿಲನ್ ಸೇರಿ ದಿನದ ಚಿಲ್ಲರೆ ಉಳಿತಾಯವನ್ನೂ ಜನರೇ ಮಾಡುವ ಗಣತಿಯನ್ನೂ ಹೋರಾಟದ ಸಾಧನವಾಗಿಸಿದವು. 1985ರಲ್ಲಿ ಭಾಯ್‌ಖಳಾ ಸುತ್ತಮುತ್ತ ಸುಮಾರು ಆರು ಸಾವಿರ ಫುಟ್‌ಪಾತ್ ಕುಟುಂಬಗಳನ್ನು ಎಣಿಸಿದಾಗ, ಅವರು ಅಲೆಮಾರಿಗಳಲ್ಲ, ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ ಬೇರೆ ಜಾಗ ಸಿಗದ ಬಹುಕಾಲದ ನಿವಾಸಿಗಳು ಎಂಬುದು ಹೊರಬಿತ್ತು. 2000ದಲ್ಲಿ ಅರ್ಪುದಂ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಪರಿಹಾರಗಳ ಪೈಕಿ ನಗರ ಮತ್ತು ಹಳ್ಳಿಯನ್ನು ಒಟ್ಟಿಗೆ ನೋಡಿದ್ದು ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಒಂದೇ. 1970ರ ದಶಕದ ಆರಂಭದ ಭೀಕರ ಬರದಲ್ಲಿ ವಿಸ್ತಾರಗೊಂಡು 1977ರಲ್ಲಿ ಕಾನೂನಿನ ರೂಪ ಪಡೆದ ಈ ಯೋಜನೆಗೆ ಹಣದ ಒಂದು ಮೂಲ ವೃತ್ತಿ ತೆರಿಗೆ, ಅಂದರೆ ಬಹುಪಾಲು ಮುಂಬೈಯ ಸಂಬಳದಾರರ ಪಗಾರದಿಂದ ಮುರಿದುಕೊಂಡದ್ದು. ಹಳ್ಳಿಯಲ್ಲೇ ಕೆಲಸ ಕೊಟ್ಟರೆ ಗುಳೆ ತಗ್ಗುತ್ತದೆ ಎಂಬ ತಿಳಿವಳಿಕೆಗೆ ನಗರವೇ ಬೆಲೆ ತೆತ್ತ ಈ ಉದಾಹರಣೆ 2005ರ ರಾಷ್ಟ್ರೀಯ ಕಾನೂನಿಗೆ ಮಾದರಿಯಾಯಿತು. ವಸತಿಯ ವಿಷಯದಲ್ಲಿ ಅಂತಹ ಧೈರ್ಯ ಕಾಣಲಿಲ್ಲ. 1995ರಲ್ಲಿ ಆರಂಭವಾದ ಝೋಪಡ್‌ಪಟ್ಟಿ ಪುನರ್ವಸತಿ ಯೋಜನೆ, ಬಿಲ್ಡರನಿಗೆ ಹೆಚ್ಚುವರಿ ಕಟ್ಟುವ ಹಕ್ಕು ಕೊಟ್ಟು ಅದರ ಲಾಭದಲ್ಲಿ ಬಡವರಿಗೆ ಉಚಿತ ಫ್ಲಾಟು ಕಟ್ಟಿಸುವ ಲೆಕ್ಕಾಚಾರದ್ದು. 40 ಲಕ್ಷ ಜನರಿಗೆ ಮನೆ ಎಂದು ಹೊರಟದ್ದು ಕಾಲು ಶತಮಾನ ಕಳೆದರೂ ಅರ್ಧವನ್ನೂ ಮುಟ್ಟಲಿಲ್ಲ, ಮುಟ್ಟಿದ್ದೂ ಜಾಗದ ಬೆಲೆ ಏರಿದ ಕಡೆಗಳಲ್ಲೇ. ಥಾಯ್ಲೆಂಡ್ 2003ರಲ್ಲಿ ಆರಂಭಿಸಿದ ಬಾನ್ ಮಂಕೋಂಗ್ ಕಾರ್ಯಕ್ರಮದಲ್ಲಿ ನಿವಾಸಿಗಳ ಸಂಘಕ್ಕೇ ಸಾಲ ಕೊಟ್ಟು, ನೆಲವನ್ನು ಸಾಮೂಹಿಕವಾಗಿ ಪಡೆದು, ಇದ್ದಲ್ಲೇ ಸುಧಾರಿಸಿಕೊಳ್ಳಲು ಬಿಟ್ಟದ್ದನ್ನು ನೆನೆದರೆ, ಮುಂಬೈಯ ದಾರಿ ಬಡವರ ವಸತಿಯನ್ನು ಸಿರಿವಂತರ ಫ್ಲಾಟುಗಳ ಮಾರುಕಟ್ಟೆಗೆ ಗಂಟುಹಾಕಿದ್ದು ಎದ್ದು ಕಾಣುತ್ತದೆ.

ಧಾರಾವಿ ಕೊಳೆಗೇರಿಯಲ್ಲಿ ಈ ಎಲ್ಲ ಎಳೆಗಳೂ ಒಂದೆಡೆ ಸೇರಿವೆ. ಸೌರಾಷ್ಟ್ರದಿಂದ ಬಂದವರ ಕುಂಭಾರವಾಡೆ, ತಮಿಳುನಾಡಿನವರ ಚರ್ಮದ ಕೆಲಸ, ಪ್ಲಾಸ್ಟಿಕ್ಕನ್ನು ಬಣ್ಣ ಮತ್ತು ಜಾತಿವಾರು ಬೇರ್ಪಡಿಸಿ, ಪುಡಿಮಾಡಿ, ತೊಳೆದು, ತಗಡಿನ ಮಾಡಿನ ಮೇಲೆ ಒಣಗಿಸುವ 13 ಕಾಂಪೌಂಡ್, ಹಪ್ಪಳ ಲಟ್ಟಿಸಿ ಬೋರಲು ಹಾಕಿದ ಬುಟ್ಟಿಗಳ ಮೇಲೆ ಗಲ್ಲಿಯ ಬಿಸಿಲಿಗಿಡುವ ಹೆಂಗಸರು. ಇವರಿಗೆ ಮನೆಯೂ ಕಾರ್ಖಾನೆಯೂ ಒಂದೇ ಆಗಿರುವುದರಿಂದಲೇ ಇಷ್ಟು ಕಡಮೆ ಗಳಿಕೆಯಲ್ಲಿ ಈ ನಗರದಲ್ಲಿ ಬದುಕು ನಡೆಯುತ್ತದೆ. ಪುನರ್ವಸತಿಯ ಹದಿನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ ಕುಂಬಾರನ ಆವಿಗೆ ಹಚ್ಚಲಾಗುವುದಿಲ್ಲ, ಬುಟ್ಟಿ ಇಡಲು ಬಿಸಿಲಿನ ಗಲ್ಲಿ ಇರುವುದಿಲ್ಲ, ಮೇಲಾಗಿ ತಿಂಗಳ ನಿರ್ವಹಣಾ ಶುಲ್ಕ ಹೊಸದಾಗಿ ಸೇರುತ್ತದೆ. 2022ರ ನವೆಂಬರಿನಲ್ಲಿ ಅದಾನಿ ಸಮೂಹ 5,069 ಕೋಟಿ ರೂಪಾಯಿಯ ಬಿಡ್ಡಿನೊಂದಿಗೆ ಪಡೆದ ಪುನರಭಿವೃದ್ಧಿ ಯೋಜನೆಯಲ್ಲಿ 2000ದ ಜನವರಿ 1ಕ್ಕೆ ಮುಂಚೆ ನೆಲಮಟ್ಟದ ಮನೆಯಲ್ಲಿದ್ದವರಿಗೆ ಅಲ್ಲೇ ಉಚಿತ ವಸತಿ. ನಂತರ ಬಂದವರಿಗೂ ಮೇಲಂತಸ್ತಿನವರಿಗೂ ಧಾರಾವಿಯ ಹೊರಗೆ, ಮುಲುಂಡ್–ಕಾಂಜುರ್‌ಮಾರ್ಗದ ಉಪ್ಪಿನಗದ್ದೆಗಳು, ದೇವನಾರಿನ ಕಸದ ಗುಡ್ಡದ ಜಾಗ ಮುಂತಾದ ಕಡೆಗಳಲ್ಲಿ ಬಾಡಿಗೆ ಅಥವಾ ಕಂತಿನ ಮನೆ ಎಂಬುದು ಪ್ರಸ್ತಾಪ. ಸಮೀಕ್ಷೆಯ ನಮೂನೆಯಲ್ಲಿ ನಿವಾಸಿಗೆ ಒಂದು ಪಟ್ಟಿ, ಅಂಗಡಿ-ಕಾರ್ಖಾನೆಯ ಮಾಲೀಕನಿಗೆ ಇನ್ನೊಂದು. ಮಾಲೀಕನ ಶೆಡ್ಡಿನ ಮಾಳಿಗೆಯಲ್ಲಿ ಮಲಗುವ ಬಿಹಾರದ ಚರ್ಮದ ಕೂಲಿಯೂ, ಉತ್ತರ ಪ್ರದೇಶದ ಹೊಲಿಗೆಯವನೂ, ಕಲಬುರಗಿಯಿಂದ ಬಂದ ಬಿಗಾರಿಯೂ ಈ ಎರಡೂ ಪಟ್ಟಿಗಳಲ್ಲಿ ಎಲ್ಲಿಗೂ ಸೇರುವುದಿಲ್ಲ. ಯೋಜನೆ ಮುಗಿದ ದಿನ ಅವರ ಕೂಲಿ ಎಷ್ಟೇ ಇರಲಿ, ಜಾಗದ ಬಾಡಿಗೆಯಿಲ್ಲದೆ ಉಳಿಸಿ ಊರಿಗೆ ಕಳುಹಿಸುವ ಸೌಕರ್ಯ ತಪ್ಪಿಹೋಗುತ್ತದೆ.